ಕಾರ್ಲ್ಟನ್ ಚಾಪ್ಮನ್

ಕಾರ್ಲ್ಟನ್ ಚಾಪ್ಮನ್ (13 ಏಪ್ರಿಲ್ 1971 – 12 ಅಕ್ಟೋಬರ್ 2020) ಭಾರತದ ವೃತ್ತಿಪರ ಫುಟ್‌ಬಾಲ್ ಆಟಗಾರರು ಹಾಗೂ ತರಬೇತುದಾರರು. ಬೆಂಗಳೂರಿನವರಾದ ಇವರು ಮಿಡ್‌ಫೀಲ್ಡರ್ ಸ್ಥಾನದಲ್ಲಿ ಆಡುತ್ತಿದ್ದರು. 1995ರಿಂದ 2001ರವರೆಗೆ ರಾಷ್ಟ್ರೀಯ ತಂಡವನ್ನು ಪ್ರತಿನಿಧಿಸಿದ್ದ ಇವರು ಕೆಲಕಾಲ ಅದರ ನಾಯಕರೂ ಆಗಿದ್ದರು. ಆಟಗಾರರಾಗಿ ಬಂಗಾಳ, ಪಂಜಾಬ್ ಮತ್ತು ಕೇರಳದ ಕ್ಲಬ್‌ಗಳನ್ನು ಕಂಡ ಚಾಪ್ಮನ್, ನಿವೃತ್ತಿಯ ನಂತರದ ವರ್ಷಗಳನ್ನು ಕಿರಿಯರನ್ನೂ ಸಣ್ಣ ತಂಡಗಳನ್ನೂ ರೂಪಿಸುವುದರಲ್ಲಿ ಕಳೆದರು.

ಆರಂಭಿಕ ಜೀವನ

ಚಾಪ್ಮನ್ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ತರಬೇತಿ ಪಡೆದು, ನಗರದ ಸದರ್ನ್ ಬ್ಲೂಸ್ ತಂಡಕ್ಕೆ ಆಡಿದರು. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. ಆಗ ಬೆಂಗಳೂರಿನ ಪ್ರಮುಖ ತಂಡಗಳಲ್ಲಿ ಹೆಚ್ಚಿನವು ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳಿಗೆ ಸೇರಿದ್ದವು. ದೊಡ್ಡ ಕ್ಲಬ್‌ಗಳಲ್ಲಿ ಹೆಸರು ಮಾಡಬಯಸುವ ಕನ್ನಡ ನಾಡಿನ ಆಟಗಾರ ಊರು ಬಿಡಬೇಕಾಗಿತ್ತು. 1940ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ ಪ್ರಸಿದ್ಧರಾಗಿದ್ದರು. ಚಾಪ್ಮನ್ ಹಿಡಿದದ್ದೂ ಅದೇ ದಾರಿಯನ್ನು.

ಕ್ಲಬ್ ವೃತ್ತಿಜೀವನ

1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ ಚಾಪ್ಮನ್, ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಪಂದ್ಯವನ್ನು ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಚೆಂಡನ್ನು ಮುಂಚೂಣಿಗೆ ಒದಗಿಸುವುದು ಮಿಡ್‌ಫೀಲ್ಡರ್‌ನ ಮುಖ್ಯ ಕೆಲಸ. ಗೋಲು ಹೊಡೆದ ಕೀರ್ತಿ ಸಾಮಾನ್ಯವಾಗಿ ಮುಂಚೂಣಿಯವರ ಪಾಲಾಗುತ್ತದೆ. ಆದ್ದರಿಂದ ಒಬ್ಬ ಮಿಡ್‌ಫೀಲ್ಡರ್ ಏಷ್ಯಾದ ಬಲಿಷ್ಠ ಕ್ಲಬ್ಬೊಂದರ ಎದುರು ಮೂರು ಗೋಲು ಗಳಿಸಿದ್ದನ್ನು ಕೋಲ್ಕತ್ತದ ಅಭಿಮಾನಿಗಳು ಬಹುಕಾಲ ನೆನೆದರು.

1995ರಲ್ಲಿ ಅವರು ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ಸ್ ತಂಡಕ್ಕೆ ತೆರಳಿದರು. ಐ. ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಮುಂದೆ, ಅವರಿಗೆ ಚೆಂಡು ನೀಡಲು ಹಿಂದೆ ಚಾಪ್ಮನ್: ಈ ಹೊಂದಾಣಿಕೆ ಆ ದಶಕದ ಭಾರತೀಯ ಫುಟ್‌ಬಾಲ್‌ನ ಅತ್ಯುತ್ತಮ ಜೋಡಣೆಗಳಲ್ಲಿ ಒಂದೆನಿಸಿದೆ. ಎರಡು ವರ್ಷಗಳಲ್ಲಿ ಅವರು ಜೆಸಿಟಿಯೊಂದಿಗೆ 14 ಪ್ರಶಸ್ತಿಗಳನ್ನು ಗೆದ್ದರು. 1996–97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅವುಗಳಲ್ಲಿ ಮುಖ್ಯವಾದುದು.

ಅನಂತರ ಚಾಪ್ಮನ್ ಮತ್ತು ವಿಜಯನ್ ಇಬ್ಬರೂ 1997ರಲ್ಲಿ ಸ್ಥಾಪನೆಯಾದ ಎಫ್‌ಸಿ ಕೊಚ್ಚಿನ್ ಸೇರಿದರು. ಚಾಪ್ಮನ್ ಅಲ್ಲಿದ್ದದ್ದು ಅಲ್ಪಕಾಲ. 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿ, 2000–01ರಲ್ಲಿ ತಂಡದ ನಾಯಕರಾಗಿ ಕ್ಲಬ್ಬಿಗೆ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ತಂದುಕೊಟ್ಟರು. 2001ರಲ್ಲಿ ವೃತ್ತಿಪರ ಆಟದಿಂದ ನಿವೃತ್ತರಾದರು. ಅವರು ಆಡಿದ ಜೆಸಿಟಿ ಹಾಗೂ ಎಫ್‌ಸಿ ಕೊಚ್ಚಿನ್ ತಂಡಗಳು ಈಗ ಅಸ್ತಿತ್ವದಲ್ಲಿಲ್ಲ.

ಅಂತರರಾಷ್ಟ್ರೀಯ ವೃತ್ತಿಜೀವನ

1997ರಲ್ಲಿ ಕಠ್ಮಂಡುವಿನಲ್ಲಿ ಸ್ಯಾಫ್ ಪ್ರಶಸ್ತಿ ಗೆದ್ದ ಭಾರತ ತಂಡದಲ್ಲಿ ಚಾಪ್ಮನ್ ಇದ್ದರು. ಅಂತಿಮ ಪಂದ್ಯದಲ್ಲಿ ಭಾರತ ಮಾಲ್ಡೀವ್ಸನ್ನು 5–1ರಿಂದ ಸೋಲಿಸಿತ್ತು.

ತರಬೇತುದಾರರಾಗಿ

ಚಾಪ್ಮನ್ ತಮ್ಮ ಎರಡನೇ ವೃತ್ತಿಯನ್ನು ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲೇ 2002ರಲ್ಲಿ ಆರಂಭಿಸಿದರು. 2008ರಲ್ಲಿ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ ತಂಡದ ಹೊಣೆ ಹೊತ್ತರು. ಆಗ ಅದು ಮೇಘಾಲಯದ ಹೊರಗೆ ಅಷ್ಟಾಗಿ ಪರಿಚಿತವಲ್ಲದ ತಂಡ. ಚಾಪ್ಮನ್ ಅವರ ಅವಧಿಯಲ್ಲಿ ಅದು ಐ-ಲೀಗ್‌ನ ಎರಡನೇ ವಿಭಾಗದಲ್ಲಿ ಆಡುವ ಮಟ್ಟಕ್ಕೆ ಬೆಳೆಯಿತು. ಅವರು ಹೊರಟ ಬಳಿಕ, 2014–15ರಲ್ಲಿ, ಇದೇ ತಂಡ ಐ-ಲೀಗ್‌ನ ಮೊದಲ ವಿಭಾಗದಲ್ಲಿ ಮೂರನೇ ಸ್ಥಾನ ಪಡೆಯಿತು. ಆ ಯಶಸ್ಸಿನ ಬುನಾದಿಯಲ್ಲಿ ಚಾಪ್ಮನ್ ಅವರ ಪಾಲೂ ಇದೆ ಎನ್ನಬಹುದು.

ಮುಂದೆ ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಮತ್ತು ದೆಹಲಿಯ ಸುದೇವ ತಂಡಗಳಿಗೆ ತರಬೇತಿ ನೀಡಿದರು. 2017ರಲ್ಲಿ ಕೇರಳದ ಕೋಳಿಕ್ಕೋಡಿನ ಕ್ವಾರ್ಟ್ಜ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು. ರಾಷ್ಟ್ರೀಯ ತಂಡದ ನಾಯಕತ್ವ ವಹಿಸಿದ್ದ ಇವರ ತರಬೇತಿಯ ಅನುಭವವೆಲ್ಲ ಹೀಗೆ ಬಹುತೇಕ ಕೆಳಹಂತದ ತಂಡಗಳಿಗೂ ಎಳೆಯರಿಗೂ ದೊರೆಯಿತು.

ನಿಧನ

ಚಾಪ್ಮನ್ 2020ರ ಅಕ್ಟೋಬರ್ 12ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 49 ವರ್ಷ ವಯಸ್ಸಾಗಿತ್ತು.