ಹೊಸಪೇಟೆ–ಸಂಡೂರು ಭಾಗದ ರಸ್ತೆ ಸುರಕ್ಷತೆ

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳ ರಸ್ತೆಗಳಲ್ಲಿ ಅದಿರಿನ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಪ್ರವಾಸಿಗರ ಆಟೊ ಒಟ್ಟಿಗೇ ಓಡುತ್ತವೆ. ಇಲ್ಲಿನ ದೊಡ್ಡ ಅಪಾಯ ಅತಿಭಾರ. ಮಿತಿಮೀರಿ ಅದಿರು ತುಂಬಿದ ಲಾರಿ ಬ್ರೇಕ್ ಹಾಕಿದರೂ ಬೇಗ ನಿಲ್ಲದು. ಟೈರು, ಆಕ್ಸಲ್ ಸವೆಯುತ್ತವೆ, ರಸ್ತೆಗೆ ಗುಂಡಿ ಬೀಳುತ್ತದೆ. ಟಾರ್ಪಾಲಿನಡಿಯಿಂದ ಉದುರಿದ ಕೆಂಪು ಪುಡಿ ಮಳೆಗೆ ಕೆಸರಾಗಿ ಬೈಕುಗಳನ್ನು ಜಾರಿಸುತ್ತದೆ. ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ಈ ಅತಿಭಾರವನ್ನು ದಾಖಲಿಸಿದೆ. ಇಲ್ಲಿ ಲಾರಿ ಅಪಘಾತ ಎಷ್ಟು ಭೀಕರವಾಗಬಹುದೆಂದರೆ, 2023ರ ಅಕ್ಟೋಬರ್ 9ರಂದು ಹೊಸಪೇಟೆ ಬಳಿ ಲಾರಿಗಳು ಮತ್ತು ಕ್ರೂಸರ್ ನಡುವಿನ ಅಪಘಾತದಲ್ಲಿ ದೇವಸ್ಥಾನದಿಂದ ಮರಳುತ್ತಿದ್ದ 7 ಮಂದಿ ಸತ್ತರು. ಅತಿಭಾರಕ್ಕೆ 2019ರಿಂದ ಕಾನೂನಿನಲ್ಲಿ 20,000 ರೂಪಾಯಿ ದಂಡವಿದೆ. ಆದರೆ ತಡೆ ಗಣಿಯ ವೇಬ್ರಿಡ್ಜ್‌ನಲ್ಲೇ ಬೀಳಬೇಕು, ಹೆದ್ದಾರಿಯಲ್ಲಿ ಹಿಡಿಯುವಷ್ಟರಲ್ಲಿ ತಡವಾಗಿರುತ್ತದೆ. ಅತಿಭಾರದ ಜೊತೆಗೆ ನೀರಿನ ಅಪಾಯವೂ ಇದೆ: ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದರಿಂದ ಸಂಚಾರ ನಿಲ್ಲಿಸುತ್ತಾರೆ.