ಚೀಟಿ, ಪಹಣಿ, ಅಜ್ಜಿಯ ಮಾತು

ನಮ್ಮ ಕೇರಿಯ ಇತಿಹಾಸ ಬರೀತೀವಿ ಅಂತ ಹೊರಟ ಗೆಳೆಯರಿಗೆ ಕಾಗದ ಸಿಗುತ್ತವೆ, ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಬೇರೆಯವರ ಕೈಬರಹದವು. ಶಾನುಭೋಗರ ಲೆಕ್ಕ, ಅಮಲ್ದಾರರ ಷರಾ, ಬಿಳಿ ದೊರೆಗಳ ವರದಿ. ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಥರ್ಸ್ಟನ್ನನ ಏಳು ಸಂಪುಟ 1909ರಲ್ಲಿ ಬಂದವು. ಅದರಲ್ಲೆಲ್ಲ ನಮ್ಮ ಹಿರೀಕರಿದ್ದಾರೆ, ಬಾಯಿ ಮಾತ್ರ ಅವರದಲ್ಲ. ಹಾಗಂತ ಅವನ್ನು ಎಸೆಯಬೇಕಿಲ್ಲ. ಯಾರು, ಯಾವಾಗ, ಯಾರಿಗಾಗಿ ಬರೆದರು ಅನ್ನೋದನ್ನ ಚೀಟಿಯ ತಲೆಮೇಲೇ ಬರೆದಿಟ್ಟರೆ ಅವೂ ನಮ್ಮ ಕೆಲಸಕ್ಕೆ ಬರುತ್ತವೆ.

ಭೂಮಿಯ ವಿಚಾರವನ್ನೇ ತಗೊಳ್ಳಿ. ತೋಟಿ, ತಳವಾರ, ನೀರಗಂಟಿ ಚಾಕರಿಗೆ ಬಿಟ್ಟಿದ್ದ ಇನಾಮು ಜಮೀನು ಒಂದು ಕಡೆ. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ಅದರ ಕೆಳಗೆ ಆ ಜಮೀನು ಚಾಕರಿ ಮಾಡಿದವರಿಗೇ ಮರುಮಂಜೂರಾಗಬೇಕಿತ್ತು. ಇನ್ನೊಂದು ಕಡೆ ಪರಭಾರೆ ಮಾಡಬಾರದೆಂಬ ಷರತ್ತು ಹಾಕಿ ಸರ್ಕಾರ ಕೊಟ್ಟ ದರಖಾಸ್ತು ಜಮೀನು. ಸಾಲಕ್ಕೆ, ಮದುವೆಗೆ, ಹೆದರಿಕೆಗೆ ಕೈಬಿಟ್ಟ ಇಂಥ ಭೂಮಿಯನ್ನು ವಾಪಸು ಕೊಡಿಸುವ ಕಾಯಿದೆ 1978ರಲ್ಲಿ ಬಂತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಅಂದಿತು. ಕಾಲಮಿತಿ ಇಲ್ಲ ಅಂತ 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಬೇಕಾಯಿತು. ಸಾಗುವಳಿ ಚೀಟಿಯ ತಾರೀಖು, ಅದರಲ್ಲಿನ ಷರತ್ತು, ಇವನ್ನು ಒಬ್ಬ ವಿದ್ಯಾರ್ಥಿ ಸರಿಯಾಗಿ ಬರ್ಕೊಂಡರೆ ಅದು ಬರೀ ಪ್ರಬಂಧದ ಅಂಕಕ್ಕೆ ಅಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ.

ನೋಟುಬುಕ್ಕಿನಲ್ಲಿ ಸಿಕ್ಕಸಿಕ್ಕಂತೆ ತುಂಬುವುದು ಬೇಡ. ಹಳೇ ಲಗ್ನಪತ್ರಿಕೆಯ ಬೆನ್ನು ಸಾಕು, ಒಂದು ಚೀಟಿಗೆ ಒಂದೇ ಸಂಗತಿ. ಮೇಲೆ ಸರ್ವೆ ನಂಬರು, ವರ್ಷ, ಯಾವ ಕಡತ, ಎಷ್ಟನೇ ಪುಟ. ಕೆಳಗೆ ಕಾಗದದಲ್ಲಿದ್ದದ್ದು ಇದ್ದ ಹಾಗೆ. ನಮಗನ್ನಿಸಿದ್ದು ಬೆನ್ನ ಮೇಲೆ. ಎರಡೂ ಕಲೆತರೆ ಆರು ತಿಂಗಳಾದ ಮೇಲೆ ಶಾನುಭೋಗ ಅಂದದ್ದು ಯಾವುದು, ನಾವಂದದ್ದು ಯಾವುದು ಅಂತ ನಮಗೇ ತಿಳಿಯೋದಿಲ್ಲ. ಮೊಬೈಲಿನಲ್ಲಿ ಫೋಟೋ ಹೊಡೆದರೂ ಚೀಟಿ ಬರೆಯಲೇಬೇಕು. ಸಾವಿರ ಫೋಟೋದಲ್ಲಿ ಒಂದು ಸರ್ವೆ ನಂಬರು ಹುಡುಕಿ ನೋಡಿ, ಗೊತ್ತಾಗುತ್ತೆ.

ಹೆಸರಿನದು ದೊಡ್ಡ ತೊಡಕು. ಒಂದೇ ಮನೆತನ ಒಂದು ಕಾಗದದಲ್ಲಿ ಹೊಲೆಯ, ಇನ್ನೊಂದರಲ್ಲಿ ಪಂಚಮ, 1920ರ ದಶಕದಿಂದೀಚೆಗೆ ಆದಿ ಕರ್ನಾಟಕ, ಸಂವಿಧಾನ ಬಂದ ಮೇಲೆ ಪರಿಶಿಷ್ಟ ಜಾತಿ. ಬೇರೆ ಬೇರೆ ಕಟ್ಟಿನಲ್ಲಿಟ್ಟರೆ ಒಂದು ವಂಶ ನಾಲ್ಕು ಚೂರಾಗುತ್ತೆ. ಕರಿಯ, ಮಾರ, ಕೆಂಚ ಅನ್ನೋರು ಕೇರಿಗೆ ನಾಲ್ಕು ಜನ; 'ಬಿನ್' ಆದಮೇಲಿನ ಅಪ್ಪನ ಹೆಸರು ಬಿಟ್ಟರೆ ಯಾರದೋ ಹೊಲ ಯಾರಿಗೋ ಹೋಯಿತು. ಹೆಂಗಸರನ್ನು 'ಕೋಂ' ಹಾಕಿ ಗಂಡನ ಹೆಸರಿಗೆ ಕಟ್ಟಿರುತ್ತಾರೆ, ಅವರ ತವರಿನ ಹೆಸರು ಕೇರಿಯಲ್ಲೇ ಕೇಳಬೇಕು. ಕಾಗದದಲ್ಲಿನ ಬೈಗುಳದಂಥ ಮಾತನ್ನೂ ತಿದ್ದದೆ ಎತ್ತಿಕೊಳ್ಳಿ. ಅದೂ ಸಾಕ್ಷಿ.

ಅಜ್ಜಿಯರ ಮಾತನ್ನು ಪುಸ್ತಕದ ಕನ್ನಡಕ್ಕೆ ಇಳಿಸಿದರೆ ಅರ್ಧ ಸತ್ತುಹೋಗುತ್ತೆ. ಅವರು ಅಂದಂಗೇ ಬರೀಬೇಕು. ಕಣ್ಣಾರೆ ಕಂಡದ್ದೋ, ಅತ್ತೆ ಹೇಳಿದ್ದೋ ಅನ್ನೋದನ್ನೂ ಕೇಳಬೇಕು. ಇಸವಿ ಕೇಳಿದರೆ ಯಾರು ಹೇಳ್ತಾರೆ? ಗಾಂಧಿ ಸತ್ತಾಗ ನಿಂಗೆಷ್ಟು ವಯಸ್ಸವ್ವ, ಎಮರ್ಜೆನ್ಸಿ ಟೈಮಲ್ಲಿ ಆ ಹೊಲ ಯಾರು ಉಳ್ತಿದ್ದರು ಅಂತ ಕೇಳಿದರೆ 1948, 1975 ತಾವಾಗೇ ಬರುತ್ತವೆ. ಕಾಗದ ಕ್ರಯ ಅನ್ನುತ್ತೆ, ಅಜ್ಜಿ ಕಿತ್ಕೊಂಡ್ರು ಅಂತಾಳೆ. ಎರಡು ಚೀಟಿಯನ್ನೂ ಒಂದರ ಪಕ್ಕ ಒಂದಿಡಿ, ಯಾವುದನ್ನೂ ಹರಿಯಬೇಡಿ. ಕಿತ್ಕೊಂಡವರ ಮಕ್ಕಳು ಊರಲ್ಲೇ ಇರ್ತಾರೆ. ಅದಕ್ಕೆ ಹೇಳಿದವರ ಹೆಸರು ಬೇರೆ ಪುಸ್ತಕದಲ್ಲಿರಲಿ. ಅವರು ಒಪ್ಪದೆ ಅಚ್ಚಿಗೆ ಹೋಗಬಾರದು.

ಪಹಣಿಯಲ್ಲಿ ಒಂಬತ್ತನೇ ಕಾಲಮ್ಮಿನಲ್ಲಿ ಖಾತೆದಾರ, ಹನ್ನೆರಡರಲ್ಲಿ ಉಳುವವನು. ವರ್ಷವರ್ಷದ್ದೂ ಎರಡನ್ನೂ ಇಳಿಸಿಕೊಂಡು ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ. ಯಾವ ವರ್ಷ ಹನ್ನೆರಡರಲ್ಲಿ ಹೊಸ ಹೆಸರು ನುಗ್ಗಿತು, ಎಷ್ಟು ವರ್ಷಕ್ಕೆ ಅದು ಒಂಬತ್ತಕ್ಕೆ ಹತ್ತಿತು ಅಂತ ಕಾಣುತ್ತೆ. ನಡುವೆ ವರ್ಷಗಳು ಬಿಟ್ಟುಹೋಗಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ. 'ಕಡತ ಲಭ್ಯವಿಲ್ಲ' ಅಂತ ಉತ್ತರ ಬಂದರೆ ಅದಕ್ಕೂ ಒಂದು ಚೀಟಿ ಮಾಡಿ, ಪತ್ರದ ನಂಬರು, ತಾರೀಖು ಹಾಕಿ ಅದೇ ಸಾಲಿನಲ್ಲಿಡಿ.