ದೂರದ ರೇಡಿಯೊ, ಪುಟ್ಟ ಬ್ಯಾಟರಿ

ನೀರಿನ ಮೀಟರಿನ ಅಂಕಿಯನ್ನೋ ತೋಟದ ಮಣ್ಣಿನ ತೇವವನ್ನೋ ಕಳಿಸುವ ಸಾಧನಕ್ಕೆ ಹೇಳಲು ಇರುವುದು ಹತ್ತಿಪ್ಪತ್ತು ಬೈಟುಗಳಷ್ಟು ಮಾತು. ಅಷ್ಟನ್ನೇ ಕಿಲೋಮೀಟರುಗಟ್ಟಲೆ ಆಚೆ ಮುಟ್ಟಿಸಬೇಕು, ಬ್ಯಾಟರಿ ಮಾತ್ರ ವರ್ಷಗಟ್ಟಲೆ ಬಾಳಬೇಕು. ಈ ಎರಡು ಬೇಡಿಕೆಗಳು ಒಟ್ಟಿಗೆ ಈಡೇರುವ ಹಾದಿ ತೆರೆಯಲು ಹಲವು ವರ್ಷ ಹಿಡಿಯಿತು.

2003ರಲ್ಲಿ ಬಂದ 802.15.4 ಮಾನದಂಡ ಮತ್ತು ಅದರ ಮೇಲೆ ಕಟ್ಟಿದ ಜಿಗ್‌ಬೀ, ಒಂದು ಸಾಧನದಿಂದ ಪಕ್ಕದ ಸಾಧನಕ್ಕೆ ಸಂದೇಶ ದಾಟಿಸುತ್ತಾ ದೂರವನ್ನು ಗೆಲ್ಲಲು ನೋಡಿದವು. ಮನೆ, ಕಾರ್ಖಾನೆಗಳೊಳಗೆ ಅದು ಸಾಕು. ಹೊಲದಲ್ಲಿ ಸಾಲದು: ನಡುವೆ ನಿಂತು ದಾಟಿಸುವವನು ಸಾಮಾನ್ಯವಾಗಿ ಸದಾ ಎಚ್ಚರವಿರಬೇಕು, ಎಚ್ಚರವಿದ್ದವನ ಬ್ಯಾಟರಿ ಉಳಿಯದು.

ತಿರುವು ಬಂದದ್ದು ಫ್ರಾನ್ಸಿನಿಂದ. ತುಲೂಸ್ ಬಳಿ 2010ರಲ್ಲಿ ಹುಟ್ಟಿದ ಸಿಗ್‌ಫಾಕ್ಸ್, ಸುಮಾರು 100 ಹರ್ಟ್ಸ್ ಅಗಲದ ಅತಿ ಕಿರಿದಾದ ಪಟ್ಟಿಯಲ್ಲಿ ನಿಧಾನವಾಗಿ ಮಾತಾಡಿತು. ಹೆಚ್ಚೆಂದರೆ ಸಂದೇಶಕ್ಕೆ 12 ಬೈಟ್, ದಿನಕ್ಕೆ 140 ಸಂದೇಶ. ಗ್ರೆನೋಬಲ್‌ನ ಸೈಕ್ಲಿಯೊ ಕಂಪನಿ ಬೇರೆ ದಾರಿ ಹಿಡಿಯಿತು. ಗಾಯಕರ ಜಾರು ಗಮಕದಂತೆ ಆವರ್ತನ ಒಂದೇ ಎಳೆತದಲ್ಲಿ ಮೇಲಕ್ಕೆ ಸರಿಯುವ ಸಂಕೇತ ಅದರದ್ದು. ರೇಡಾರ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಉಪಾಯವಿದು. ಈ ಜಾರಿಕೆಯ ಆಕಾರ ಮೊದಲೇ ಗೊತ್ತಿರುವುದರಿಂದ, ಗದ್ದಲದ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗೆ ಮುಳುಗಿದ ಸಂಕೇತವನ್ನೂ ರಿಸೀವರ್ ಹೆಕ್ಕಿ ತೆಗೆಯಬಲ್ಲದು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಆ ಕಂಪನಿಯನ್ನು ಕೊಂಡಿತು. ಲೋರಾ ಎಂದು ನಾವು ಕರೆಯುವುದು ಇದನ್ನೇ.

ಈ ದೂರಕ್ಕೆ ಬೆಲೆಯುಂಟು, ಅದು ಸಮಯ. ಲೋರಾದ ಮೇಲೆ ಕಟ್ಟಿದ ಲೋರಾವಾನ್ ಜಾಲದಲ್ಲಿ 10 ಬೈಟ್ ಕಳಿಸಲು ವೇಗದ ಹಂತವಾದ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) 7ರಲ್ಲಿ ಸುಮಾರು 62 ಮಿಲಿಸೆಕೆಂಡ್ ಸಾಕು. ಅತಿ ನಿಧಾನದ ಎಸ್‌ಎಫ್ 12ರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಬೇಕು. ಅದೇ ಮಾತಿಗೆ ಇಪ್ಪತ್ತುನಾಲ್ಕು ಪಟ್ಟು ಶಕ್ತಿ! 2019ರಲ್ಲಿ ಬಲೂನೊಂದರಿಂದ ಹೊರಟ ಲೋರಾ ಸಂಕೇತ 766 ಕಿ.ಮೀ. ಕ್ರಮಿಸಿತು ನಿಜ, ಆದರೆ ಅಲ್ಲಿ ಅಡ್ಡಕ್ಕೆ ಮರವೂ ಗೋಡೆಯೂ ಇರಲಿಲ್ಲ. ಹಾಗಾಗಿ ಮಾಡ್ಯೂಲಿನ ಮೇಲೆ ಬರೆದ ದೂರವನ್ನು ನೋಡಿ ಕೊಳ್ಳಬೇಡಿ ಎನ್ನುತ್ತೇನೆ. ಸಾಧನಗಳ ಮಾತು ಕೇಳಿಸಿಕೊಳ್ಳುವ ಗೇಟ್‌ವೇಯ ಆಂಟೆನಾವನ್ನು ಎತ್ತರಕ್ಕೇರಿಸಿದರೆ ವೇಗದ ಹಂತವೇ ಸಾಕಾಗಿ, ನೂರು ಸಾಧನಗಳ ಬ್ಯಾಟರಿ ಒಮ್ಮೆಗೇ ಉಳಿಯುತ್ತದೆ.

ಲೋರಾ ಚಿಪ್‌ಗಳೂ ಸುಧಾರಿಸಿದವು. ಹಳೆಯ ಎಸ್‌ಎಕ್ಸ್1276 ಕೇಳಿಸಿಕೊಳ್ಳುವಾಗ 10 ಮಿಲಿಆಂಪಿಯರ್ ಮೀರಿ ಎಳೆದರೆ, ಎಸ್‌ಎಕ್ಸ್1262ಕ್ಕೆ ಅದರ ಅರ್ಧ ಸಾಕು. ಹೊಸ ವಿನ್ಯಾಸಕ್ಕೆ ಹಳೆಯದನ್ನು ಆರಿಸಲು ನನಗೆ ಕಾರಣ ಕಾಣದು. 2020ರಲ್ಲಿ ಪ್ರಕಟವಾದ ಎಸ್‌ಟಿಎಂ32ಡಬ್ಲ್ಯುಎಲ್ ರೇಡಿಯೊವನ್ನೂ ಮೈಕ್ರೋಕಂಟ್ರೋಲರನ್ನೂ ಒಂದೇ ಚಿಪ್ಪಿಗೆ ತಂದಿತು.

ಮೊಬೈಲ್ ಲೋಕದ ಉತ್ತರ 2016ರ ಎನ್‌ಬಿ-ಐಒಟಿ. ಗೋಪುರ ಕಂಪನಿಯದು, ಗೇಟ್‌ವೇ ಇಡುವ ತಾಪತ್ರಯವಿಲ್ಲ. ಆದರೆ ಪೂರ್ಣ ಬಲದಲ್ಲಿ ಕಳಿಸುವಾಗ ಅದು ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಮೀಟರುಗಳಲ್ಲಿ ಬಳಸುವ 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಅಂಥ ಹಠಾತ್ ಸೆಳೆತವನ್ನು ತಾಳದು, ಜೊತೆಗೊಂದು ದೊಡ್ಡ ಕೆಪಾಸಿಟರ್ ಬೇಕು. ಇನ್ನು, ಮೊಬೈಲಿಗೇ ಸಿಗ್ನಲ್ ಸಿಗದ ಕೊಡಗಿನ ಕಾಫಿ ತೋಟದ ಇಳಿಜಾರಿನಲ್ಲಿ ಸ್ವಂತ ಗೇಟ್‌ವೇಯ ಲೋರಾವನ್ನೇ ನಾನು ಆರಿಸುವೆ. ಜಾಲ ಇನ್ನೊಬ್ಬರದಾದರೆ ಅವರ ಹಣಕಾಸೂ ನಮ್ಮ ಚಿಂತೆಯೇ: 2022ರ ಜನವರಿಯಲ್ಲಿ ಸಿಗ್‌ಫಾಕ್ಸ್ ದಿವಾಳಿ ಪ್ರಕ್ರಿಯೆಗೆ ಸಿಲುಕಿ, ಕೆಲವೇ ತಿಂಗಳಲ್ಲಿ ಸಿಂಗಪುರದ ಯುನಾಬಿಜ್ ಪಾಲಾಯಿತು.

ಭಾರತದಲ್ಲಿ ಪರವಾನಗಿ ಬೇಡದ ಪಟ್ಟಿ 865–868 ಮೆಗಾಹರ್ಟ್ಸ್. ಅಮೆರಿಕಕ್ಕೆಂದು ಮಾಡಿದ 915ರ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕರೂ ಬೇಡ. ಮಾಡ್ಯೂಲ್ ಕೂತ ಬೋರ್ಡನ್ನೂ ಪರೀಕ್ಷಿಸಿ. ಎಎಂಎಸ್1117 ರೆಗ್ಯುಲೇಟರ್ ಏನೂ ಕೆಲಸವಿಲ್ಲದಾಗಲೂ ಸುಮಾರು 5 ಮಿಲಿಆಂಪಿಯರ್ ನುಂಗುತ್ತದೆ. 2400 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಇಪ್ಪತ್ತೇ ದಿನಕ್ಕೆ ಬರಿದು. ನಿದ್ರೆಯ ಕರೆಂಟನ್ನು 10 ಮೈಕ್ರೋಆಂಪಿಯರಿಗೆ ಇಳಿಸಿದರೆ, ವರ್ಷದ ನಿದ್ರೆಗೆ ತಗಲುವುದು 88 ಮಿಲಿಆಂಪಿಯರ್-ಗಂಟೆ ಮಾತ್ರ.